ಎರಡು ಹೊತ್ತಿನ ಕರಾವಿನ ನಡುವೆ ತಾಯಂದಿರ ಮಧ್ಯಾಹ್ನದ ಊಟ



ಹಾಲು ಕೊಡುವ ಹಸುವಿಗೆ ಎಷ್ಟು ತಿಂಡಿ ಇಡಬೇಕೆಂದು ಕೇಳಿದರೆ ನಮ್ಮ ಸಂಘಗಳ ಯಾವ ಸದಸ್ಯರಾದರೂ ತಡವರಿಸದೆ ಹೇಳುತ್ತಾರೆ. ದೇಹ ಪೋಷಣೆಗೆ ಒಂದೂವರೆಯಿಂದ ಎರಡು ಕೆ.ಜಿ., ಅದರ ಮೇಲೆ ಪ್ರತಿ ಎರಡೂವರೆ ಲೀಟರು ಹಾಲಿಗೆ ಒಂದು ಕೆ.ಜಿ. ಪಶು ಆಹಾರ, ಜೊತೆಗೆ ಹಸಿರು ಮೇವು, ಒಣ ಮೇವು, ಖನಿಜ ಮಿಶ್ರಣ. ಇದರಲ್ಲಿ ಕಡಿಮೆಯಾದರೆ ಹಾಲಿನ ಅಳತೆಯೇ ಹೇಳುತ್ತದೆ. ಆದರೆ ಆ ಹಸುವಿನ ಹಾಲು ಕರೆದು, ಕೊಟ್ಟಿಗೆ ಗುಡಿಸಿ, ಮೇವು ಹೊತ್ತು ತರುವ ಮನೆಯ ತಾಯಿ ಮಧ್ಯಾಹ್ನ ಏನು ಉಂಡರು, ಎಷ್ಟು ಉಂಡರು ಎಂದು ಕೇಳಿದರೆ ಬಹಳ ಮನೆಗಳಲ್ಲಿ ಉತ್ತರ ಸಿಗುವುದಿಲ್ಲ.

ಬಂಗಾರಪೇಟೆ, ಕೆ.ಜಿ.ಎಫ್. ಸುತ್ತಿನ ಮನೆಗಳ ದಿನಚರಿಯನ್ನು ನೋಡಿ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಸಾವಿರಾರು ಜನ ದಿನಾ ರೈಲು ಹತ್ತಿ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋಗುವುದು ರೂಢಿಯಾಯಿತು. ಬೂದಿಕೋಟೆ, ಕಾಮಸಮುದ್ರ, ಬೇತಮಂಗಲದ ಕಡೆಯ ಹಳ್ಳಿಗಳಿಂದಲೂ ದುಡಿಯಲು ಪಟ್ಟಣಕ್ಕೆ ಹೋಗುವವರಿದ್ದಾರೆ. ಬೆಳಗಿನ ಜಾವಕ್ಕೇ ಅವರ ಡಬ್ಬಿ ಸಿದ್ಧವಾಗಬೇಕು. ಅಷ್ಟರಲ್ಲಿ ಕರಾವು, ಡೇರಿಗೆ ಹಾಲು ಹಾಕುವುದು, ಮಕ್ಕಳನ್ನು ಶಾಲೆಗೆ ಕಳಿಸುವುದು. ಮಕ್ಕಳಿಗೆ ಶಾಲೆಯಲ್ಲೇ ಬಿಸಿಯೂಟವಿದೆ. 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಿಂದ ಹಾಲೂ ಸಿಗುತ್ತಿದೆ. ಹಾಲು ಉತ್ಪಾದಕರ ದುಡಿಮೆಯೇ ಹೀಗೆ ಮಕ್ಕಳ ಲೋಟಕ್ಕೆ ಬಂದಿದೆ, ಸಂತೋಷ.

ಆದರೆ ಇದರಿಂದ ಮಧ್ಯಾಹ್ನ ಮನೆಯಲ್ಲಿ ಉಳಿಯುವವರು ತಾಯಿಯೊಬ್ಬರೇ. "ನನ್ನೊಬ್ಬಳಿಗೆ ಏನು ಮಾಡಿಕೊಳ್ಳುವುದು" ಎಂದು ಬೆಳಗಿನ ಚಿತ್ರಾನ್ನ ಉಳಿದಿದ್ದರೆ ಅದನ್ನೇ ತಿಂದು, ಇಲ್ಲದಿದ್ದರೆ ಒಂದು ಲೋಟ ಟೀ ಕುಡಿದು ಮೇವಿಗೆ ಹೊರಟುಬಿಡುತ್ತಾರೆ.

ಇದರ ಫಲ ಸಣ್ಣದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯ ಹೊತ್ತಿಗೆ ತಲೆ ಸುತ್ತು, ಸದಾ ಸುಸ್ತು ಇವೆಲ್ಲ ಅದರ ಗುರುತುಗಳಾಗಿರಬಹುದು. ಮೂಳೆ ಸವೆತ ಇದಕ್ಕಿಂತ ನಿಧಾನವಾಗಿ ಬಂದು ವಯಸ್ಸಾದ ಮೇಲೆ ಕಾಣಿಸುತ್ತದೆ.

ಊಟದಲ್ಲಿ ಏನಿರಬೇಕು?

ಹಸುವಿನ ಆಹಾರದ ಹಾಗೆ ಇದಕ್ಕೂ ಲೆಕ್ಕವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ತಿಳಿಸಿರುವಂತೆ ವಯಸ್ಕ ಮಹಿಳೆಗೆ ದಿನಕ್ಕೆ 1000 ಮಿಲಿಗ್ರಾಂ ಸುಣ್ಣದಂಶ, 29 ಮಿಲಿಗ್ರಾಂ ಕಬ್ಬಿಣದಂಶ ಬೇಕು. ಹಾಲೂಡಿಸುವ ತಾಯಿಗೆ ಸುಣ್ಣದಂಶ ಇನ್ನೂ ಹೆಚ್ಚು ಬೇಕು. ಇದನ್ನು ಅಂಗಡಿಯ ಪುಡಿಗಳಲ್ಲಿ ಹುಡುಕಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಬಿಳಿ ಅಕ್ಕಿಯಲ್ಲಿ ಇರುವುದು ಹತ್ತು ಮಿಲಿಗ್ರಾಂ ಆಸುಪಾಸು. ಇನ್ನೂರು ಮಿಲಿಲೀಟರು ಹಸುವಿನ ಹಾಲಿನಲ್ಲಿ, ಅಥವಾ ಅಷ್ಟು ಹಾಲಿನಿಂದಾದ ಮೊಸರಿನಲ್ಲಿ, ಸುಮಾರು 240 ಮಿಲಿಗ್ರಾಂ ಇದೆ. ಅಂದರೆ ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆ, ಒಂದು ಲೋಟ ಮೊಸರು ಉಂಡರೆ ದಿನದ ಅಗತ್ಯದ ಅರ್ಧಕ್ಕಿಂತ ಹೆಚ್ಚು ಆ ಒಂದು ಊಟದಲ್ಲೇ ಬಂತು. ನೂರು ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಸೊಪ್ಪು, ಕಾಳು ಎರಡರಿಂದಲೂ ಕಬ್ಬಿಣದಂಶ ಸಿಗುತ್ತದೆ.

ಆದ್ದರಿಂದ ನೆನಪಿಡಬೇಕಾದ್ದು ನಾಲ್ಕೇ ಮಾತು: ರಾಗಿ, ಕಾಳು ಅಥವಾ ಬೇಳೆ, ಸೊಪ್ಪು, ಮೊಸರು ಅಥವಾ ಮಜ್ಜಿಗೆ. ಈ ನಾಲ್ಕೂ ತಟ್ಟೆಯಲ್ಲಿದ್ದರೆ ಸಂಜೆಯ ಕರಾವಿನವರೆಗೆ ಹೊಟ್ಟೆ ತಡೆಯುತ್ತದೆ. ಬಂಗಾರಪೇಟೆಯ ಪಾನಿಪೂರಿ ಬಾಯಿಗೆ ರುಚಿಯೇ ಸರಿ, ಆದರೆ ಅದನ್ನು ತಿಂದು ಹುಲ್ಲಿನ ಹೊರೆ ಹೊರಲಾಗುವುದಿಲ್ಲ.

ಅರ್ಧ ಗಂಟೆಯಲ್ಲಿ ಆಗುವ ಊಟಗಳು

1. ಮೊಳಕೆ ಹುರುಳಿ ಸಾರು, ಮುದ್ದೆ: ಹುರುಳಿಕಾಳನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ತೆಳುವಾದ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮರುದಿನಕ್ಕೆ ಮೊಳಕೆ ಬಂದಿರುತ್ತದೆ. ಎರಡು ದಿನಕ್ಕಾಗುವಷ್ಟು ಒಟ್ಟಿಗೆ ಮಾಡಿಕೊಳ್ಳಬಹುದು. ಕಾಳನ್ನು ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿ. ಅದು ಬೇಯುವಷ್ಟರಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಸ್ವಲ್ಪ ಕಾಯಿ, ಸಾರಿನ ಪುಡಿ, ಒಂದು ಹಿಡಿ ಬೆಂದ ಕಾಳು ಸೇರಿಸಿ ರುಬ್ಬಿ, ಒಗ್ಗರಣೆ ಹಾಕಿ ಕುದಿಸಿ.

ಮುದ್ದೆಗೆ ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ನೀರು ಮರಳುವಾಗ ಹಿಟ್ಟನ್ನು ನಡುವೆ ಗುಪ್ಪೆಯಾಗಿ ಸುರಿದು, ಕಲಕದೆ, ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಿ. ನಂತರ ಕೋಲಿನಿಂದ ಗಂಟಿಲ್ಲದಂತೆ ತಿರುವಿ, ಮುಚ್ಚಿ ಇನ್ನೆರಡು ನಿಮಿಷ ಬೇಯಿಸಿ. ಒದ್ದೆ ಕೈಯಿಂದ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ.

2. ಬೆರಕೆ ಸೊಪ್ಪಿನ ಮಸ್ಸೊಪ್ಪು: ಇದಕ್ಕೆ ರುಬ್ಬುವ ಕೆಲಸವೇ ಇಲ್ಲ. ಒಂದು ಹಿಡಿ ತೊಗರಿಬೇಳೆ, ತೊಳೆದ ಸೊಪ್ಪು, ಟೊಮೆಟೊ, ಈರುಳ್ಳಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಎಲ್ಲವನ್ನೂ ಕುಕ್ಕರಿಗೆ ಹಾಕಿ ಮೂರು ಸೀಟಿ ಕೂಗಿಸಿ. ಚೆನ್ನಾಗಿ ಮಸೆದು, ಹುಣಸೆರಸ, ಉಪ್ಪು ಹಾಕಿ ಒಗ್ಗರಣೆ ಕೊಡಿ. ದಂಟು, ನುಗ್ಗೆ, ಹೊನಗೊನೆ ಯಾವುದಾದರೂ ಆದೀತು. ಒಂದು ಎಚ್ಚರಿಕೆ: ಟೊಮೆಟೊ ತೋಟಕ್ಕೆ ಔಷಧಿ ಹೊಡೆದ ದಿನಗಳಲ್ಲಿ ಅದರ ಬದುವಿನ ಸೊಪ್ಪನ್ನು ಕೀಳಬೇಡಿ. ಅದನ್ನು ಹಸುವಿಗೂ ಹಾಕಬೇಡಿ.

3. ನುಗ್ಗೆಸೊಪ್ಪಿನ ರಾಗಿ ರೊಟ್ಟಿ: ಸಾರು ಮಾಡಲು ಪುರುಸೊತ್ತಿಲ್ಲದ ದಿನಕ್ಕೆ ಇದು. ರಾಗಿ ಹಿಟ್ಟಿಗೆ ನುಗ್ಗೆಸೊಪ್ಪು, ಹೆಚ್ಚಿದ ಈರುಳ್ಳಿ, ಮೆಣಸಿನಕಾಯಿ, ಜೀರಿಗೆ, ಉಪ್ಪು ಸೇರಿಸಿ ಬಿಸಿನೀರು, ಸ್ವಲ್ಪ ಮೊಸರಿನಲ್ಲಿ ಕಲಸಿ ಹೆಂಚಿನ ಮೇಲೆ ತಟ್ಟಿ. ಹುಚ್ಚೆಳ್ಳು ಅಥವಾ ಕಡಲೆಕಾಯಿ ಚಟ್ನಿಪುಡಿಯನ್ನು ತಿಂಗಳಿಗೊಮ್ಮೆ ಮಾಡಿಟ್ಟುಕೊಂಡರೆ ಜೊತೆಗೆ ಒಂದು ಲೋಟ ಮಜ್ಜಿಗೆ ಸಾಕು.

4. ಡಬ್ಬಿಗೆ ಮೊಸರನ್ನ: ರೈಲಿಗೆ ಹೋಗುವವರಿಗೂ, ಹೊಲಕ್ಕೆ ಬುತ್ತಿ ಒಯ್ಯುವವರಿಗೂ ಇದು ಅನುಕೂಲ. ಬೆಳಿಗ್ಗೆಯೇ ಪೂರ್ತಿ ಮೊಸರು ಕಲಸಿದರೆ ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ. ಅನ್ನವನ್ನು ಮೆತ್ತಗೆ ಮಸೆದು, ಕಾಯಿಸಿ ಆರಿಸಿದ ಹಾಲನ್ನೇ ಧಾರಾಳವಾಗಿ ಹಾಕಿ, ಒಂದೆರಡು ಚಮಚ ಮೊಸರು ಸೇರಿಸಿ ಕಲಸಿ. ಮಧ್ಯಾಹ್ನದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ. ತುರಿದ ಕ್ಯಾರೆಟ್, ಹುರಿದ ಕಡಲೆಬೀಜ ಬೆರೆಸಿ. ಜೊತೆಗೆ ಬೇಯಿಸಿದ ಕಾಳು ಅಥವಾ ಮೊಟ್ಟೆ ಇದ್ದರೆ ಊಟ ಪೂರ್ಣವಾಗುತ್ತದೆ.

5. ಮಜ್ಜಿಗೆ ಅಂಬಲಿ: ಬೇಸಿಗೆಗೆ ಹೇಳಿ ಮಾಡಿಸಿದ್ದು. ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಕುದಿಯುವ ನೀರಿಗೆ ಹಾಕಿ ಬೇಯಿಸಿ, ಆರಿದ ಮೇಲೆ ಮಜ್ಜಿಗೆ, ಈರುಳ್ಳಿ, ಉಪ್ಪು ಬೆರೆಸುವುದು. ಆದರೆ ಅಂಬಲಿಯಲ್ಲಿ ನೀರೇ ಹೆಚ್ಚು. ಬೇಯಿಸಿದ ಕಾಳೋ ಕಡಲೆಕಾಯಿಯೋ ಜೊತೆಗಿರಲಿ.

ಮನೆಗೆ ಮೊದಲು, ಕ್ಯಾನಿಗೆ ನಂತರ

ಮೇಲಿನ ಯಾವ ಊಟಕ್ಕೂ ಮನೆಯಲ್ಲಿ ಹಾಲು ಉಳಿದಿರಬೇಕು. ಹಾಲಿನ ಹಣದ ಆಸೆಗೆ ಕರೆದದ್ದನ್ನೆಲ್ಲ ಡೇರಿಗೆ ಹಾಕಿ, ಟೀಗೆ ಮಾತ್ರ ಒಂದು ಪಾವು ಉಳಿಸಿಕೊಳ್ಳುವ ಮನೆಗಳಿವೆ. ಹಣ ಬೇಕು ನಿಜ. ಆದರೆ ಹಾಲು ಮಾರಿ ಬಂದ ದುಡ್ಡನ್ನು ಟಾನಿಕ್ಕಿಗೆ ಕೊಟ್ಟರೆ ಲಾಭವೇನು? ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2024ರ ಮಾರ್ಗಸೂಚಿ ಒಬ್ಬರಿಗೆ ದಿನಕ್ಕೆ 300 ಮಿಲಿಲೀಟರು ಹಾಲು ಅಥವಾ ಮೊಸರು ಇರಲಿ ಎನ್ನುತ್ತದೆ. ಮನೆಯಲ್ಲಿರುವ ತಲೆ ಎಣಿಸಿ, ಬೆಳಗಿನ ಹಾಲಿನಲ್ಲೇ ಅಳೆದು ತೆಗೆದಿಡಿ. ತಾಯಿಯ ತಲೆಯನ್ನು ಎಣಿಕೆಯಲ್ಲಿ ಬಿಡಬೇಡಿ. ಮನೆಗೆ ತೆಗೆದಷ್ಟು ಜಾಗವನ್ನು ನೀರಿನಿಂದ ತುಂಬುವ ಯೋಚನೆಯೂ ಬೇಡ, ಅದನ್ನು ಲ್ಯಾಕ್ಟೋಮೀಟರ್ ಕಂಡುಹಿಡಿಯುತ್ತದೆ.

ಕೆಚ್ಚಲು ಬಾವಿಗೆ ಚುಚ್ಚುಮದ್ದು ಕೊಡಿಸಿದ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಡೇರಿಗೆ ಹಾಕಬಾರದೆಂದು ನಿಮಗೆ ಗೊತ್ತು. ಅದನ್ನು ಮನೆಗೂ ಬಳಸಬೇಡಿ. ಅಂತಹ ಹಾಲು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಮಕ್ಕಳಿಗೂ ಒಳ್ಳೆಯದಲ್ಲ. ಹಸಿ ಹಾಲು ಕುಡಿಯುವುದೂ ಬೇಡ. ಕಂದು ರೋಗ, ಕ್ಷಯದಂತಹ ಕಾಯಿಲೆಗಳು ಹಸುವಿನಿಂದ ಮನುಷ್ಯರಿಗೆ ಹಸಿ ಹಾಲಿನ ಮೂಲಕವೂ ಬರುತ್ತವೆ. ಉಕ್ಕು ಬರುವವರೆಗೆ ಕಾಯಿಸಿಯೇ ಬಳಸಿ.

ನೆನಪಿಡಿ

- ಊಟದ ಜೊತೆಗಾಗಲಿ, ಊಟವಾದ ಕೂಡಲೇ ಆಗಲಿ ಟೀ ಕುಡಿಯಬೇಡಿ. ಕಬ್ಬಿಣದಂಶ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ.
- ಸೊಪ್ಪಿನ ಸಾರಿಗೆ ನಿಂಬೆರಸ ಹಿಂಡಿ, ಅಥವಾ ನೆಲ್ಲಿಕಾಯಿ ಚೂರು ಜೊತೆಗಿರಲಿ. ಕಬ್ಬಿಣದಂಶ ಚೆನ್ನಾಗಿ ಹತ್ತುತ್ತದೆ.
- ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಹಾಲು, ಟೀ ಜೊತೆ ನುಂಗಬೇಡಿ.
- ಕೊಟ್ಟಿಗೆಯಿಂದ ಅಡಿಗೆ ಮನೆಗೆ ಬರುವಾಗ ಸೋಪಿನಿಂದ ಕೈ ತೊಳೆಯಿರಿ.
- ಸುಸ್ತು ಹೋಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ವೈದ್ಯರ ಸಲಹೆ ಪಡೆಯಿರಿ.

ಕೊನೆಯದಾಗಿ ಮನೆಯ ಗಂಡಸರಲ್ಲಿ ಒಂದು ಮಾತು. ಬಹಳ ಮನೆಗಳಲ್ಲಿ ಸಂಘದ ಪಾಸ್‌ಪುಸ್ತಕ ನಿಮ್ಮ ಹೆಸರಿನಲ್ಲಿದ್ದರೂ ಅದರ ಹಿಂದಿನ ದುಡಿಮೆಯಲ್ಲಿ ದೊಡ್ಡ ಪಾಲು ಮನೆಯ ಹೆಂಗಸರದು. ಊರಲ್ಲಿರುವ ದಿನ ಮಧ್ಯಾಹ್ನದ ಮೇವನ್ನು ನೀವೇ ಕತ್ತರಿಸಿ ಹಾಕಿದರೆ ಅವರಿಗೆ ಅರ್ಧ ಗಂಟೆ ಸಿಗುತ್ತದೆ. ಬಿಸಿಯಾಗಿ ಒಂದು ಮುದ್ದೆ ಮಾಡಿ, ಕುಳಿತು ಉಣ್ಣಲು ಅಷ್ಟು ಸಾಕು. ತಾಯಂದಿರೇ, ಎಲ್ಲರೂ ಉಂಡ ಮೇಲೆ ಉಳಿದದ್ದು ನನಗೆ ಎನ್ನುವ ರೂಢಿಯನ್ನು ಬಿಡಿ. ನಿಮ್ಮ ಪಾಲಿನ ಮುದ್ದೆ, ಮೊಸರನ್ನು ಮೊದಲೇ ತೆಗೆದಿಟ್ಟುಕೊಳ್ಳಿ.