ಮನೆಯ ಕಂಪ್ಯೂಟರಿನಲ್ಲಿ ನಾಣ್ಯದ ಬೆಳೆ

ಮನೆಯ ಕಂಪ್ಯೂಟರಿನಿಂದ ಕ್ರಿಪ್ಟೋ ನಾಣ್ಯ ಗಳಿಸಬಹುದೇ ಎಂದು ಸದಸ್ಯ ಬಾಂಧವರು ಕೇಳುವುದುಂಟು. ನಾಣ್ಯದ ವಹಿವಾಟನ್ನು ಲೆಕ್ಕ ಬಿಡಿಸಿ ಖಾತರಿಪಡಿಸುವ ಯಂತ್ರಕ್ಕೆ ಹೊಸ ನಾಣ್ಯದ ಕೂಲಿ ಸಿಗುತ್ತದೆ, ಇದೇ 'ಗಣಿಗಾರಿಕೆ'. 2021ರಲ್ಲಿ ನನ್ನ ಮಗ ಗ್ರಾಫಿಕ್ಸ್ ಕಾರ್ಡ್ ಕೂಡಿಸಿ ಈಥರ್ ನಾಣ್ಯಕ್ಕಾಗಿ ಇದನ್ನು ನಡೆಸಿದ. ಯಂತ್ರ ಎಳೆದದ್ದು 200 ವಾಟ್; ಹಗಲಿರುಳು ಓಡಿದರೆ ತಿಂಗಳಿಗೆ 144 ಯೂನಿಟ್. ಮಳೆಗಾಲದಲ್ಲಿ ಕರೆಂಟು ಹೋದಾಗಲೆಲ್ಲ ಗಳಿಕೆಯೂ ನಿಂತಿತು. ಬಿಲ್ಲು ಕಳೆದು ಅಷ್ಟಿಷ್ಟು ಉಳಿದದ್ದು ನಿಜ.

ಆದರೆ 2022ರ ಸೆಪ್ಟೆಂಬರ್ 15ರಂದು ಈಥರಿಯಮ್ ಗಣಿಗಾರಿಕೆಯನ್ನೇ ಕೈಬಿಟ್ಟಿತು. ಕಾರ್ಡಿನ ಅಸಲು ಹುಟ್ಟುವ ಮುನ್ನವೇ ಕೂಲಿ ನಿಂತಿತು. ಬಿಟ್‌ಕಾಯಿನ್ನಿಗೆ ಮನೆಯ ಯಂತ್ರ ಸಾಲದು. ಅದಕ್ಕೆಂದೇ ತಯಾರಾದ ಯಂತ್ರಗಳು ಬೇಕು. ಲಾಭದ ಮೇಲೆ 2022ರಿಂದ ಶೇಕಡಾ 30 ತೆರಿಗೆಯಿದೆ. ಕರೆಂಟಿನ ಖರ್ಚನ್ನು ಅದರಲ್ಲಿ ಕಳೆಯುವಂತಿಲ್ಲ.

ಕೊಳೆರೋಗ ಬಡಿದ ತೋಟ ಮರುವರ್ಷ ಫಲ ಕೊಟ್ಟೀತು. ನಿಯಮ ಬದಲಾದರೆ ಈ ಯಂತ್ರ ಮರುದಿನವೇ ಬರಡು. ಬೆಳೆಸಾಲದ ಹಣವನ್ನು ಇದಕ್ಕೆ ತೊಡಗಿಸಬಾರದೆಂದು ಸದಸ್ಯರಲ್ಲಿ ಅರಿಕೆ.