ಬಸ್ಸಿನ ಪರ್ಮಿಟ್ಟು ಮತ್ತು ಊರಿನ ವ್ಯಾಪಾರ: ವರ್ತಕರು ತಿಳಿದಿರಬೇಕಾದ ಸಂಗತಿಗಳು

ಹೊಸದುರ್ಗದ ಅಂಗಡಿಗೆ ಬರಬೇಕಾದ ಬಿಡಿಭಾಗಗಳ ಪೆಟ್ಟಿಗೆ, ಹೊಳಲ್ಕೆರೆಯ ಅಡಿಕೆ ಮಂಡಿಯಿಂದ ವಸೂಲಿಗೆ ಹೊರಟ ಗುಮಾಸ್ತ, ಹಿರಿಯೂರಿನ ಗಿರಣಿಯ ಬೆಳಗಿನ ಪಾಳಿಗೆ ಬರುವ ಕಾರ್ಮಿಕ: ಇವೆಲ್ಲವೂ ಬಸ್ಸನ್ನೇ ನೆಚ್ಚಿಕೊಂಡಿವೆ. ಮುಂಜಾನೆಯ ಅಥವಾ ರಾತ್ರಿಯ ಒಂದು ಟ್ರಿಪ್ ನಿಂತುಹೋದರೆ ಅದರ ನಷ್ಟ ಯಾವ ಲೆಕ್ಕಪುಸ್ತಕದಲ್ಲಿಯೂ ಕಾಣಿಸುವುದಿಲ್ಲ. ಆದರೆ ಅದನ್ನು ಭರಿಸುವವರು ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳೇ. ಇಂತಹ ಸಂದರ್ಭದಲ್ಲಿ ಕಂಡಕ್ಟರನೊಡನೆ ವಾದಿಸಿ ಸುಮ್ಮನಾಗುವುದೇ ವಾಡಿಕೆ. ವಾಸ್ತವವಾಗಿ ಬಸ್ಸಿನ ವೇಳೆಯು ಕೇವಲ ಮಾಲೀಕನ ಇಷ್ಟಕ್ಕೆ ಬಿಟ್ಟದ್ದಲ್ಲ, ಅದು ಪರ್ಮಿಟ್ಟಿನ ಷರತ್ತು. ಈ ಷರತ್ತನ್ನು ಅರಿತವರು ಯಾವ ಬಾಗಿಲನ್ನು ತಟ್ಟಬೇಕೆಂಬುದನ್ನೂ ಅರಿಯುತ್ತಾರೆ.

ಎರಡು ಬಗೆಯ ಸಾರಿಗೆ

ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಆರಂಭವಾಯಿತು. 1950ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆಯ ಅನ್ವಯ 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. ಆದರೆ ರಾಷ್ಟ್ರೀಕರಣವು ರಾಜ್ಯದಾದ್ಯಂತ ಒಮ್ಮೆಗೇ ನಡೆಯಲಿಲ್ಲ. ನಿರ್ದಿಷ್ಟ ಪ್ರದೇಶ ಅಥವಾ ಮಾರ್ಗಗಳಿಗೆ ಸರ್ಕಾರ ಒಂದೊಂದಾಗಿ ಯೋಜನೆ ಪ್ರಕಟಿಸಿದಂತೆ ಅಲ್ಲಿ ನಿಗಮಕ್ಕೆ ಅಗ್ರಾಧಿಕಾರ ದೊರೆಯಿತು. ಉಳಿದೆಡೆ ಖಾಸಗಿ ಬಸ್ಸುಗಳು ಮುಂದುವರಿದವು. ಚಿತ್ರದುರ್ಗ ಜಿಲ್ಲೆಯಲ್ಲಿ ಇಂದಿಗೂ ನಿಗಮದ ಚಿತ್ರದುರ್ಗ ವಿಭಾಗ ಹಾಗೂ ಖಾಸಗಿ ಮಾಲೀಕರು ಇಬ್ಬರೂ ಜನರನ್ನು ಸಾಗಿಸುತ್ತಿರುವುದು ಈ ಕಾರಣದಿಂದಲೇ.

ಬಂದರು ನಗರದ ಉದಾಹರಣೆ

ಈ ವ್ಯವಸ್ಥೆಯ ಗುಣದೋಷಗಳನ್ನು ಅರಿಯಲು ಮಂಗಳೂರು ಒಳ್ಳೆಯ ಉದಾಹರಣೆ. ಹಿಂದಿನ 13ನೇ ರಾಷ್ಟ್ರೀಯ ಹೆದ್ದಾರಿಯು ಮಂಗಳೂರಿನಿಂದ ಹೊರಟು ಶಿವಮೊಗ್ಗ, ಹೊಳಲ್ಕೆರೆ, ಚಿತ್ರದುರ್ಗಗಳ ಮೂಲಕ ಸೊಲ್ಲಾಪುರವನ್ನು ಸೇರುತ್ತಿತ್ತು. ಆದ್ದರಿಂದ ಆ ನಗರ ಇಲ್ಲಿನ ವರ್ತಕರಿಗೆ ಹೊಸದಲ್ಲ. ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೋ 1973ರಲ್ಲಿ ಸ್ಥಾಪನೆಯಾದದ್ದು ಅಲ್ಲಿಯೇ. ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು.

ದಕ್ಷಿಣ ಕನ್ನಡವು 1956ರವರೆಗೆ ಮದರಾಸು ಪ್ರಾಂತ್ಯಕ್ಕೆ ಸೇರಿದ್ದಿತು. ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿಯಂತಹ ಸಂಸ್ಥೆಗಳು ಅಲ್ಲಿ ಖಾಸಗಿ ಸಾರಿಗೆಗೆ ಭದ್ರವಾದ ಅಡಿಪಾಯ ಹಾಕಿದ್ದವು. ನಿಗಮಕ್ಕೆ ಅಲ್ಲಿ ಪ್ರತ್ಯೇಕ ವಿಭಾಗವಿದ್ದರೂ ನಗರ ಸಾರಿಗೆಯ ಬಹುಪಾಲು ಇಂದಿಗೂ ಖಾಸಗಿಯವರ ಕೈಯಲ್ಲಿದೆ. ಪ್ರಯಾಣಿಕರು ದಟ್ಟವಾಗಿರುವ ರಸ್ತೆಗಳಲ್ಲಿ ನಿಮಿಷಗಳ ಅಂತರದಲ್ಲಿ ಬಸ್ಸು ದೊರೆಯುತ್ತದೆ. ಇದು ಸ್ಪರ್ಧೆಯ ಲಾಭ. ರಾತ್ರಿ ಹೊತ್ತಾದಂತೆ ಮತ್ತು ಜನವಿರಳ ಮಾರ್ಗಗಳಲ್ಲಿ ಬಸ್ಸುಗಳು ಕಡಿಮೆಯಾಗುತ್ತವೆ. ಇದು ಸ್ಪರ್ಧೆಯ ಮಿತಿ.

ಟ್ರಿಪ್ಪಿನ ಲೆಕ್ಕಾಚಾರ

ಬಸ್ಸು ತುಂಬಿದ್ದರೂ ಖಾಲಿಯಿದ್ದರೂ ಡೀಸೆಲ್, ಸಿಬ್ಬಂದಿ ವೇತನ, ವಿಮೆ, ತೆರಿಗೆಗಳ ವೆಚ್ಚ ಹೆಚ್ಚೇನೂ ಬದಲಾಗದು. ಬೆಳಗ್ಗೆ 8ರಿಂದ 10ರವರೆಗಿನ ಮತ್ತು ಸಂಜೆಯ ಟ್ರಿಪ್‌ಗಳ ಆದಾಯವೇ ನಸುಕಿನ, ಮಧ್ಯಾಹ್ನದ ಹಾಗೂ ರಾತ್ರಿಯ ಟ್ರಿಪ್‌ಗಳ ಕೊರತೆಯನ್ನು ತುಂಬಬೇಕು. ತುಂಬುವ ಟ್ರಿಪ್‌ನ ಆದಾಯ ಇಳಿದರೆ ಮೊದಲು ನಿಲ್ಲುವುದು ನಸುಕಿನ ಅಥವಾ ರಾತ್ರಿಯ ಬಸ್ಸು.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು, ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣ ದೊರೆಯಿತು. ಅದರ ವೆಚ್ಚವನ್ನು ಸರ್ಕಾರ ನಿಗಮಗಳಿಗೆ ತುಂಬಿಕೊಡುತ್ತದೆ; ಖಾಸಗಿ ಬಸ್ಸುಗಳು ಈ ಯೋಜನೆಯ ಹೊರಗಿದ್ದವು. ದುಡಿಯುವ ಮಹಿಳೆಯರಿಗೆ ಇದರಿಂದಾದ ಅನುಕೂಲ ದೊಡ್ಡದು. ಆದರೆ ಎರಡೂ ಬಗೆಯ ಬಸ್ಸು ಓಡುವ ಮಾರ್ಗದಲ್ಲಿ ಖಾಸಗಿಯವರ ಆದಾಯ ಕುಗ್ಗುವುದೂ, ಖಾಸಗಿ ಬಸ್ಸು ಮಾತ್ರ ಇರುವ ಹಳ್ಳಿಯ ಮಹಿಳೆಗೆ ಆ ಅನುಕೂಲ ತಲುಪದಿರುವುದೂ ಸಹಜ.

ಪರ್ಮಿಟ್ಟಿನಲ್ಲಿ ಏನಿರುತ್ತದೆ?

ನಿಲ್ದಾಣದಿಂದ ನಿಲ್ದಾಣಕ್ಕೆ ಜನರನ್ನು ಹತ್ತಿಸಿ ಇಳಿಸುವ ಬಸ್ಸಿಗೆ ಮಜಲು ವಾಹನದ ಪರ್ಮಿಟ್ಟು ಅವಶ್ಯ. 1988ರ ಮೋಟಾರು ವಾಹನ ಕಾಯಿದೆಯ 72ನೇ ಕಲಮಿನಂತೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರವು ದಿನಕ್ಕೆ ಕನಿಷ್ಠ ಮತ್ತು ಗರಿಷ್ಠ ಎಷ್ಟು ಟ್ರಿಪ್, ಯಾವ ವೇಳಾಪಟ್ಟಿ, ಬಸ್ಸಿನಲ್ಲಿ ಸರಕನ್ನು ಯಾವ ನಿಬಂಧನೆಗಳ ಮೇಲೆ ಒಯ್ಯಬಹುದು ಎಂಬ ಷರತ್ತುಗಳನ್ನು ವಿಧಿಸಬಹುದು. ಪರ್ಮಿಟ್ಟಿನ ಅವಧಿ 5 ವರ್ಷ. ಷರತ್ತು ಮೀರಿದರೆ 86ನೇ ಕಲಮಿನಂತೆ ಪರ್ಮಿಟ್ಟನ್ನು ಅಮಾನತಿನಲ್ಲಿಡಲು ಅಥವಾ ರದ್ದುಪಡಿಸಲು ಅವಕಾಶವಿದೆ.

ಹೊಸಬರು ಬರುವುದಕ್ಕೂ ಕಾನೂನು ಉದಾರವಾಗಿದೆ. 80ನೇ ಕಲಮಿನಂತೆ ಪರ್ಮಿಟ್ಟಿನ ಅರ್ಜಿಯನ್ನು ಸಾಮಾನ್ಯವಾಗಿ ನಿರಾಕರಿಸುವಂತಿಲ್ಲ. ಹೊಸ ಪರ್ಮಿಟ್ಟಿನಿಂದ ತಮ್ಮ ಆದಾಯ ಕುಗ್ಗುವುದೆಂದು ಹಳೆಯ ಮಾಲೀಕರು ಆಕ್ಷೇಪಿಸುವಂತಿಲ್ಲವೆಂದು 1991ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ನಿಗಮಕ್ಕೆ ಮೀಸಲಾದ ಮಾರ್ಗಗಳಿಗೆ ಮಾತ್ರ ಆಯಾ ಯೋಜನೆಯ ನಿಬಂಧನೆಗಳೇ ಅನ್ವಯಿಸುತ್ತವೆ.

ಜಾತ್ರೆ ಮತ್ತು ಹಂಗಾಮಿನ ವ್ಯಾಪಾರಕ್ಕೆ 87ನೇ ಕಲಮು ಉಪಯುಕ್ತ. ಅದರಂತೆ 4 ತಿಂಗಳಿಗೆ ಮೀರದ ತಾತ್ಕಾಲಿಕ ಪರ್ಮಿಟ್ಟು ದೊರೆಯುತ್ತದೆ. ಹಿರಿಯೂರಿನ ತೇರುಮಲ್ಲೇಶ್ವರ ಜಾತ್ರೆಗಾಗಲಿ, ಅಡಿಕೆ ಕೊಯ್ಲಿನ ಕಾಲಕ್ಕಾಗಲಿ ಹೆಚ್ಚುವರಿ ಬಸ್ಸು ಬೇಕೆಂದರೆ ಇದೇ ದಾರಿ.

ಸರಕು ಕಳುಹಿಸುವಾಗ

ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು 2021ರ ಫೆಬ್ರವರಿ 26ರಂದು 'ನಮ್ಮ ಕಾರ್ಗೋ' ಸೇವೆಯನ್ನು ಆರಂಭಿಸಿತು. 2023ರ ಡಿಸೆಂಬರಿನಲ್ಲಿ ಅದಕ್ಕೆ ಪ್ರತ್ಯೇಕ ಲಾರಿಗಳೂ ಸೇರಿದವು. ಇಂತಹ ಸೇವೆಯಲ್ಲಿ ರಸೀದಿ ದೊರೆಯುತ್ತದೆ. ಕಂಡಕ್ಟರನ ಕೈಗೆ ಬಾಯಿಮಾತಿನಲ್ಲಿ ಒಪ್ಪಿಸಿದ ಪೊಟ್ಟಣ ಕಳೆದುಹೋದರೆ ಪರಿಹಾರ ಕೇಳಲು ಕೈಯಲ್ಲಿ ಕಾಗದವೇ ಇರುವುದಿಲ್ಲ. ಸರಕಿನ ಬೆಲೆ 50,000 ರೂಪಾಯಿ ಮೀರಿದಲ್ಲಿ, ವಿನಾಯಿತಿ ಪಡೆದ ಸರಕುಗಳ ಹೊರತು, ಬಸ್ಸಿನಲ್ಲಿ ಕಳುಹಿಸಿದರೂ ಇ-ವೇ ಬಿಲ್ಲು ಬೇಕು. ಇದನ್ನು ಮರೆತು ದಂಡ ತೆರುವುದಕ್ಕಿಂತ ಮುನ್ನೆಚ್ಚರಿಕೆ ವಹಿಸುವುದು ಲೇಸು.

ವರ್ತಕರು ಮಾಡಬಹುದಾದುದು

ಮೊದಲನೆಯದಾಗಿ, ನಿಂತುಹೋದ ಬಸ್ಸು ನಿಗಮದ್ದೋ ಖಾಸಗಿಯದೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ನಿಗಮದ್ದಾದರೆ ಮನವಿಯು ವಿಭಾಗೀಯ ನಿಯಂತ್ರಣಾಧಿಕಾರಿಗೆ ಹೋಗಬೇಕು. ಖಾಸಗಿಯದಾದರೆ ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿಯೂ ಪ್ರಾದೇಶಿಕ ಸಾರಿಗೆ ಅಧಿಕಾರಿಗಳು ಸದಸ್ಯ ಕಾರ್ಯದರ್ಶಿಯಾಗಿಯೂ ಇರುವ ಪ್ರಾಧಿಕಾರಕ್ಕೆ ಸಲ್ಲಬೇಕು.

ಎರಡನೆಯದಾಗಿ, 'ಬಸ್ಸು ಬೇಕು' ಎಂಬ ಒಂದು ಸಾಲಿನ ಮನವಿಗೆ ಬೆಲೆ ಕಡಿಮೆ. ಯಾವ ವೇಳೆಗೆ, ಎಲ್ಲಿಂದ ಎಲ್ಲಿಗೆ, ದಿನಕ್ಕೆ ಎಷ್ಟು ಕಾರ್ಮಿಕರು, ಎಷ್ಟು ಪೊಟ್ಟಣಗಳು ಎಂಬುದನ್ನು ಒಂದು ತಿಂಗಳ ಕಾಲ ಬರೆದಿಟ್ಟು, ಪೇಟೆಯ ಹತ್ತಾರು ಅಂಗಡಿಗಳು ಒಟ್ಟಾಗಿ ಸಲ್ಲಿಸಿದರೆ ಅದು ದಾಖಲೆಯಾಗುತ್ತದೆ. ನಸುಕಿನ ಟ್ರಿಪ್‌ಗೆ ಖಾತ್ರಿಯಾಗಿ ಇಪ್ಪತ್ತು ಜನರೂ ಒಂದಿಷ್ಟು ಸರಕೂ ಇದೆಯೆಂದು ತೋರಿಸಿಕೊಟ್ಟರೆ ಬಸ್ಸು ಓಡಿಸುವವರಿಗೂ ಅದು ಲೆಕ್ಕಕ್ಕೆ ಸಿಗುವ ಮಾತು.

ಬಂದರು ನಗರದಲ್ಲಿ ಪ್ರಯಾಣಿಕರ ದಟ್ಟಣೆಯೇ ಬಸ್ಸನ್ನು ಕರೆತರುತ್ತದೆ. ಹೊಳಲ್ಕೆರೆ, ಹೊಸದುರ್ಗಗಳಂತಹ ಊರುಗಳಲ್ಲಿ ಆ ದಟ್ಟಣೆಯಿಲ್ಲ; ಇಲ್ಲಿರುವ ಬೇಡಿಕೆಯನ್ನು ಒಟ್ಟುಗೂಡಿಸಿ ತೋರಿಸುವ ಹೊಣೆ ವರ್ತಕ ಸಮುದಾಯದ ಮೇಲಿದೆ.