ಲಾಲ್ ದಿಘಿಯ ದಡದಲ್ಲಿ ಶ್ರೀರಂಗಪಟ್ಟಣ

ಶ್ರೀರಂಗಪಟ್ಟಣದ ಕೋಟೆಯೊಳಗೆ ಒಂದು ಕಲ್ಲಿದೆ. ಟಿಪ್ಪುವಿನ ದೇಹ ಸಿಕ್ಕಿದ್ದು ಇಲ್ಲೇ ಎಂದು ಸಾರುವ ಕಲ್ಲು. ಐದನೇ ಕ್ಲಾಸಿನ ಪ್ರವಾಸದಲ್ಲಿ ಮೇಷ್ಟ್ರು ನಮ್ಮನ್ನು ಅದರ ಮುಂದೆ ಸಾಲಾಗಿ ನಿಲ್ಲಿಸಿ, ‘1799, ಮೇ 4’ ಎಂದು ಮೂರು ಸಲ ಗಟ್ಟಿಯಾಗಿ ಹೇಳಿಸಿದ್ದರು. ಆಮೇಲೆ ಪುಳಿಯೋಗರೆ ಪೊಟ್ಟಣ ಬಿಚ್ಚಿದೆವು, ಬಸ್ಸು ರಂಗನತಿಟ್ಟಿನ ಕಡೆ ಹೊರಟಿತು. ನನ್ನ ಮಟ್ಟಿಗೆ ಆ ಕತೆ ಅಲ್ಲಿಗೆ ಮುಗಿದಿತ್ತು.

ಮುಗಿದಿರಲಿಲ್ಲ ಮಾರಾಯರೇ! ಅದರ ಉಳಿದರ್ಧ ಎರಡು ಸಾವಿರ ಕಿಲೋಮೀಟರು ಆಚೆ, ಹೂಗ್ಲಿ ನದಿಯ ದಂಡೆಯಲ್ಲಿ, ಟ್ರಾಮ್ ಕಂಬಿಗಳ ನಡುವೆ ಬಿದ್ದುಕೊಂಡಿದೆ. ಅದೂ ಎಲ್ಲೆಲ್ಲೋ ಚದುರಿಕೊಂಡಲ್ಲ. ಒಂದು ಬೆಳಿಗ್ಗೆ ನಡೆದು ಮುಗಿಸಬಹುದಾದಷ್ಟು ಹತ್ತಿರ ಹತ್ತಿರ.

ನಾನು ಕೋಲ್ಕತ್ತಕ್ಕೆ ಹೋದದ್ದು ಒಂದು ಸಮಾಧಿಯ ನೆಪದಲ್ಲಿ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನೆಲ್ಲ ಅಳೆದ, ಊರೂರಿನ ಶಾಸನ, ಕೈಫಿಯತ್ತು, ತಾಳೆಗರಿಗಳನ್ನು ರಾಶಿ ಹಾಕಿಸಿಕೊಂಡ ಕರ್ನಲ್ ಕಾಲಿನ್ ಮೆಕೆಂಜಿ ಮುಂದೆ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ 1821ರಲ್ಲಿ ತೀರಿಕೊಂಡದ್ದು ಈ ಊರಲ್ಲಿ. ಪಾರ್ಕ್ ಸ್ಟ್ರೀಟಿನ ಹಳೆಯ ಸ್ಮಶಾನದಲ್ಲಿ ಮಣ್ಣಾದ. ಚಾಮರಾಜನಗರದ ಮಲೆಯೂರಿಗೆ ಬಂದು ಜೈನ ಪಂಡಿತ ದೇವಚಂದ್ರನನ್ನು ಕಂಡು, ‘ರಾಜಾವಳಿ ಕಥೆ’ ಹುಟ್ಟಲು ಕಾರಣನಾದವನು ಇವನೇ. ಆ ಋಣಕ್ಕೊಂದು ನಮಸ್ಕಾರ ಹಾಕಿ ಬರೋಣ ಎಂದು ಹೋದವನು, ಮರುದಿನ ಹೊತ್ತು ಹೋಗಲಿ ಎಂದು ಒಂದು ಪಾದಯಾತ್ರೆಯ ಗುಂಪಿಗೆ ಸೇರಿಕೊಂಡೆ. ಡಾಲ್‌ಹೌಸಿ ಚೌಕದ ಸುತ್ತ ಮೂರು ಗಂಟೆ, ಬೆಳಿಗ್ಗೆ ಎಂಟಕ್ಕೆ ಸೇಂಟ್ ಜಾನ್ಸ್ ಚರ್ಚಿನ ಗೇಟಿಗೆ ಬನ್ನಿ ಎಂದಿದ್ದರು.

ಜನವರಿಯ ಮಂಜು. ಮಂಕಿ ಟೋಪಿ ಹಾಕದ ಬಂಗಾಳಿಯೇ ಇಲ್ಲ. ನಮ್ಮನ್ನು ಕರೆದೊಯ್ಯಲು ಬಂದವಳು ಇತಿಹಾಸ ಓದಿದ ಹುಡುಗಿ: ಹತ್ತಿ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ, ಬಸ್ ಸ್ಟ್ಯಾಂಡಿನಲ್ಲೂ ಕೇಳಿಸುವಂಥ ಕಂಠ. ನಾವೆಲ್ಲ ಅವಳಿಗೆ ದೀದಿ ಎಂದೆವು, ನಮ್ಮಲ್ಲಿ ಅರ್ಧ ಜನ ಅವಳ ಅಪ್ಪನ ವಯಸ್ಸಿನವರಾದರೂ.

ಗೇಟು ದಾಟಿ ಅವಳು ನೇರ ಚರ್ಚಿನೊಳಗೆ ಹೋಗಲಿಲ್ಲ. ಅಂಗಳದ ಮೂಲೆಯಲ್ಲಿ ಎಂಟು ಮೂಲೆಯ ಒಂದು ಮಂಟಪ. ಅದರ ಮುಂದೆ ನಿಂತಳು. ಒಳಗಿರುವವನು ಜಾಬ್ ಚಾರ್ನಾಕ್, 1690ರ ಆಗಸ್ಟ್ 24ರಂದು ಸುತಾನುಟಿಯ ಘಾಟಿನಲ್ಲಿ ಇಳಿದ ಈಸ್ಟ್ ಇಂಡಿಯಾ ಕಂಪನಿಯ ಏಜೆಂಟ್. ಅವನೇ ಈ ನಗರದ ಸ್ಥಾಪಕ ಎಂದು ತಲೆತಲಾಂತರದಿಂದ ಓದಿಸುತ್ತಿದ್ದರು. 2003ರಲ್ಲಿ ಹೈಕೋರ್ಟು, ಇಲ್ಲಿ ಅವನಿಗೂ ಮುಂಚೆ ಊರುಗಳಿದ್ದವು, ಆದ್ದರಿಂದ ಸ್ಥಾಪಕನೂ ಇಲ್ಲ, ಊರಿಗೆ ಹುಟ್ಟುಹಬ್ಬವೂ ಇಲ್ಲ ಎಂದು ತೀರ್ಪು ಕೊಟ್ಟಿತು. ನಾವು ನಗುತ್ತಿರುವಾಗಲೇ ದೀದಿ ಟಾರ್ಚ್ ಬಿಟ್ಟಳು. ‘ಮನುಷ್ಯನನ್ನು ಬಿಡಿ, ಮೇಲಿನ ಚಪ್ಪಡಿ ನೋಡಿ.’

ಕಪ್ಪು ಚಪ್ಪಡಿ. ಮದ್ರಾಸಿನ ಪಲ್ಲಾವರದಿಂದ ಬಂದ ಕಲ್ಲು. 1893ರಲ್ಲಿ ಥಾಮಸ್ ಹಾಲೆಂಡ್ ಎಂಬ ಭೂವಿಜ್ಞಾನಿ ಈ ಜಾತಿಯ ಬಂಡೆಗೆ ಹೆಸರಿಡುವಾಗ, ಹುಟ್ಟಿದ ಬೆಟ್ಟದ ಹೆಸರಿಡಲಿಲ್ಲ. ಅದು ಯಾರ ಎದೆಯ ಮೇಲೆ ಮಲಗಿದೆಯೋ ಅವನ ಹೆಸರಿಟ್ಟ. ಚಾರ್ನೋಕೈಟ್! ನನಗೆ ಮೈ ಜುಮ್ಮೆಂದಿತು. ಯಾಕೆ ಗೊತ್ತೇ? ನಮ್ಮ ಬಿಳಿಗಿರಿರಂಗನ ಬೆಟ್ಟ ಇಡಿಯಾಗಿ ಇದೇ ಕಲ್ಲು! ಸೋಲಿಗರ ಪೋಡುಗಳು, ರಂಗನಾಥನ ಗುಡಿ, ದೊಡ್ಡ ಸಂಪಿಗೆ ಮರದ ಬೇರು, ಎಲ್ಲವೂ ನಿಂತಿರುವುದು ಸುಮಾರು 250 ಕೋಟಿ ವರ್ಷ ಹಿಂದೆ ಬೆಂದು ಗಟ್ಟಿಯಾದ ಚಾರ್ನೋಕೈಟಿನ ಮೇಲೆ. ಕಾಲೇಜಿನ ಪುಸ್ತಕದಲ್ಲಿ ಉರು ಹೊಡೆದ ಆ ಒರಟು ಪದಕ್ಕೆ ಒಬ್ಬ ಸತ್ತ ವ್ಯಾಪಾರಿಯ ಹೆಸರು ಅಂಟಿದೆ ಎಂದು ಯಾರೂ ಹೇಳಿರಲಿಲ್ಲ. ಕೈಯಿಟ್ಟು ಸವರಿದೆ. ತಣ್ಣಗಿತ್ತು.

ಚರ್ಚಿನ ಕತೆ ಇನ್ನೊಂದು. 1787ರಲ್ಲಿ ಪ್ರತಿಷ್ಠೆಯಾದ ಈ ಕಟ್ಟಡಕ್ಕೆ ಜಾಗ ಕೊಟ್ಟವನು ಹಿಂದೂ ಜಮೀನ್ದಾರ ನಬಕೃಷ್ಣ ದೇಬ್. ಕಲ್ಲು ಬಂದದ್ದು ಬಂಗಾಳದ ಸುಲ್ತಾನರ ಹಾಳೂರು ಗೌಡದಿಂದ. ಒಳಗೆ ಯೋಹಾನ್ ಜೋಫನಿ ಬರೆದ ‘ಕೊನೆಯ ಭೋಜನ’ದ ಚಿತ್ರ. ಹತ್ತಿರ ಹೋಗಿ ನೋಡಿ, ನೆಲದಲ್ಲಿ ಪೀಕದಾನಿ ಇದೆ! ಏಸುವಿನ ಪಂಕ್ತಿಯಲ್ಲಿ ಕೂತವರೆಲ್ಲ ಆಗಿನ ಕಲ್ಕತ್ತೆಯ ಗಣ್ಯರ ಮುಖದವರಂತೆ. ಜೂದಾಸನ ಮುಖಕ್ಕೆ ಊರಿನ ಒಬ್ಬ ಹರಾಜುಗಾರನನ್ನು ಹಿಡಿದು ಕೂರಿಸಿದ್ದ ಎಂದು ಇಂದಿಗೂ ಹೇಳಿ ನಗುತ್ತಾರೆ. ವರಾಂಡದಲ್ಲಿ ಲೇಡಿ ಕ್ಯಾನಿಂಗಳ ಸ್ಮಾರಕವಿದೆ. ಅವಳ ಹೆಸರು ಬಂಗಾಳಿ ನಾಲಿಗೆಯಲ್ಲಿ ಕರಗಿ ‘ಲೇಡಿಕೆನಿ’ ಎಂಬ ಸಿಹಿಯಾಗಿದೆ. ವೈಸರಾಯ್ ಪತ್ನಿ ಜಾಮೂನಿನ ತಂಗಿಯಾಗಿ ಉಳಿದಿದ್ದಾಳೆ. ಅದಕ್ಕಿಂತ ಒಳ್ಳೆಯ ಸ್ಮಾರಕ ಯಾರಿಗೆ ಬೇಕು?

ಅಲ್ಲಿಂದ ಜಿ.ಪಿ.ಒ. ಬಿಳಿಯ ಭಾರೀ ಗುಮ್ಮಟದ ಅಂಚೆ ಕಚೇರಿ, 1868ರದು. ಜನ ಸ್ಪೀಡ್ ಪೋಸ್ಟ್ ಮಾಡಲು ಹತ್ತುವ ಮೆಟ್ಟಿಲಲ್ಲಿ ಒಂದು ಹಿತ್ತಾಳೆ ಗೆರೆ ಓಡುತ್ತದೆ. ಅದನ್ನು ತುಳಿದರೆ ನೀವು ಹಳೆಯ ಫೋರ್ಟ್ ವಿಲಿಯಂ ಗೋಡೆಯ ಮೇಲಿದ್ದೀರಿ. 1756ರ ಜೂನ್ 20ರಂದು ನವಾಬ ಸಿರಾಜುದ್ದೌಲ ಹಿಡಿದ ಕೋಟೆ ಇದು. ‘ಬ್ಲ್ಯಾಕ್ ಹೋಲ್’ ಎಂದು ಕುಖ್ಯಾತವಾದ ಕತ್ತಲೆ ಕೋಣೆ ಇದ್ದದ್ದೂ ಇಲ್ಲೇ. 146 ಜನರನ್ನು ತುರುಕಿದರು, 123 ಜನ ಸತ್ತರು ಎಂದು ಬದುಕಿ ಬಂದ ಹಾಲ್ವೆಲ್ ಬರೆದ ಲೆಕ್ಕವನ್ನು ಇತಿಹಾಸಕಾರರು ನಂಬುವುದಿಲ್ಲ. ಅಷ್ಟು ಸಣ್ಣ ಕೋಣೆಯಲ್ಲಿ ಅಷ್ಟು ಜನ ಹಿಡಿಸುವುದೇ ಅನುಮಾನ. ವೈಸರಾಯ್ ಕರ್ಜನ್ ಈ ಚೌಕದಲ್ಲಿ ನಿಲ್ಲಿಸಿದ್ದ ಅದರ ಸ್ಮಾರಕವನ್ನು 1940ರಲ್ಲಿ ಸುಭಾಷ್ ಚಂದ್ರ ಬೋಸರ ಚಳವಳಿ ಕೀಳಿಸಿತು. ಅದು ಈಗ ಆ ಚರ್ಚಿನ ಅಂಗಳದ ಮೂಲೆಗೆ ಸೇರಿದೆ.

ನಡುವೆ ಲಾಲ್ ದಿಘಿ. ನಮ್ಮೂರಲ್ಲಾದರೆ ಕೆರೆ ಎನ್ನುತ್ತೇವೆ, ಅಷ್ಟೇ. ಸುತ್ತಲಿನ ಚೌಕಕ್ಕೆ ಡಾಲ್‌ಹೌಸಿಯ ಹೆಸರು ಹೋಗಿ ಬಿನಯ್, ಬಾದಲ್, ದಿನೇಶ್ ಎಂಬ ಮೂವರು ಹುಡುಗರ ಹೆಸರು ಬಂದಿದೆ. 1930ರ ಡಿಸೆಂಬರ್ 8ರಂದು ಸೂಟು ಬೂಟು ತೊಟ್ಟು ಎದುರಿನ ಕೆಂಪು ಕಟ್ಟಡಕ್ಕೆ ನುಗ್ಗಿ ಜೈಲುಗಳ ಮುಖ್ಯಾಧಿಕಾರಿಯನ್ನು ಗುಂಡಿಟ್ಟು ಕೊಂದವರು. ಮೂರು ಹೆಸರಿನ ಮೊದಲ ಅಕ್ಷರ ಸೇರಿ ‘ಬಿ-ಬಾ-ದಿ ಬಾಗ್’. ಬಂಗಾಳಿಯಲ್ಲಿ ಬಿಬಾದಿ ಎಂದರೆ ಪ್ರತಿವಾದಿ. ಹೈಕೋರ್ಟು ಅಲ್ಲೇ ಪಕ್ಕದಲ್ಲಿ! ವಕೀಲರಿಗೆ ಇದಕ್ಕಿಂತ ಚೆಂದದ ವಿಳಾಸ ಉಂಟೇ?

ಆ ಕೆಂಪು ಕಟ್ಟಡವೇ ರೈಟರ್ಸ್ ಬಿಲ್ಡಿಂಗ್. ರೈಟರ್ ಎಂದರೆ ಕವಿ, ಕಾದಂಬರಿಕಾರ ಎಂದುಕೊಳ್ಳಬೇಡಿ. ಮಲೆನಾಡಿನ ಕಾಫಿ ತೋಟದ ರೈಟರು, ಪೊಲೀಸ್ ಸ್ಟೇಷನ್ನಿನ ರೈಟರು ಇದ್ದಾರಲ್ಲ, ಅದೇ ರೈಟರು. 1777ರಲ್ಲಿ ಕೆಲಸ ಶುರುವಾಗಿ ಎದ್ದದ್ದು ಲೆಕ್ಕ ಬರೆಯಲು ಹಡಗು ಹತ್ತಿ ಬಂದ ಮೀಸೆ ಮೂಡದ ಹುಡುಗರಿಗಾಗಿ. ಈ ಹುಡುಗರಿಗೆ ದೇಶದ ಭಾಷೆ ಕಲಿಸಬೇಕೆಂದು ಗವರ್ನರ್ ಜನರಲ್ ವೆಲ್ಲೆಸ್ಲಿ ಫೋರ್ಟ್ ವಿಲಿಯಂ ಕಾಲೇಜು ತೆರೆದ. ಅದು ನಡೆದದ್ದು ಈ ಕಟ್ಟಡದಲ್ಲೇ.

‘ಆದೇಶ ಹೊರಟದ್ದು 1800ರ ಜುಲೈ 10ರಂದು,’ ಎಂದಳು ದೀದಿ. ‘ಆದರೆ ಕಾಗದದ ಮೇಲೆ ಸ್ಥಾಪನೆಯ ದಿನವನ್ನು ಹಿಂದಕ್ಕೆ ಎಳೆದರು. ಮೇ 4ಕ್ಕೆ.’

ಮೇ 4! ನಾನು ನಿಂತಲ್ಲೇ ಕಲ್ಲಾದೆ. ಶ್ರೀರಂಗಪಟ್ಟಣ ಬಿದ್ದು ಸರಿಯಾಗಿ ಒಂದು ವರ್ಷ. ಮೇಷ್ಟ್ರು ಮೂರು ಸಲ ಕೂಗಿಸಿದ ತಾರೀಖನ್ನು ವೆಲ್ಲೆಸ್ಲಿ ಒಂದು ಕಾಲೇಜಿನ ಹಣೆಯ ಮೇಲೆ ಬರೆದಿದ್ದ, ಗೆಲುವಿನ ವಾರ್ಷಿಕೋತ್ಸವವಾಗಿ! ಇಷ್ಟಕ್ಕೇ ನಿಲ್ಲಲಿಲ್ಲ. ಆ ಕಾಲೇಜಿನಲ್ಲಿ ಬಂಗಾಳಿ, ಸಂಸ್ಕೃತ, ಮರಾಠಿ ಕಲಿಸುತ್ತಿದ್ದವನು ವಿಲಿಯಂ ಕೇರಿ. ಚಿಕ್ಕಂದಿನಲ್ಲಿ ಚಪ್ಪಲಿ ಹೊಲಿಯುವ ಕಸುಬು ಕಲಿತವನು. ಆತ 1817ರಲ್ಲಿ ನದಿಯ ಆಚೆ ದಡದ ಸಿರಾಂಪುರದ ತನ್ನ ಮಿಷನ್ ಪ್ರೆಸ್ಸಿನಲ್ಲಿ ಕನ್ನಡದ ಒಂದು ವ್ಯಾಕರಣ ಅಚ್ಚು ಹಾಕಿಸಿದ. ‘ಕರ್ನಾಟ’ ಭಾಷೆಯ ವ್ಯಾಕರಣ, ಇಂಗ್ಲಿಷಿನಲ್ಲಿ ವಿವರಣೆ, ಜೊತೆಗೆ ಕನ್ನಡದ ಅಕ್ಷರ. ನಮ್ಮ ವರ್ಣಮಾಲೆ ಸೀಸದ ಮೊಳೆಯಾಗಿ ಹೂಗ್ಲಿ ದಂಡೆಯಲ್ಲಿ ಸಾಲುಗಟ್ಟಿತ್ತು, ಮಂಗಳೂರಿನಲ್ಲಿ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ತೆಗೆಯುವುದಕ್ಕೂ 26 ವರ್ಷ ಮೊದಲು! ಯುದ್ಧ ಗೆದ್ದವನ ಕಾಲೇಜಿಗೆ ಸೋತ ಸೀಮೆಯ ‘ಅ ಆ ಇ ಈ’ ಬಂದು ಸೇರಿದ್ದು ನೆನೆದು ನಾನು ಬೆಪ್ಪನಂತೆ ಕೆಂಪು ಗೋಡೆ ನೋಡುತ್ತಿದ್ದೆ. ಗುಂಪು ಆಗಲೇ ಮೂಲೆ ತಿರುಗಿತ್ತು, ಓಡಿದೆ.

ಕರೆನ್ಸಿ ಬಿಲ್ಡಿಂಗು, ಗ್ರೇಟ್ ಈಸ್ಟರ್ನ್ ಹೋಟೆಲು ಎಲ್ಲ ಸರಸರ ದಾಟಿದೆವು. ಮಣ್ಣಿನ ಕುಡಿಕೆಯಲ್ಲಿ ಒಂದು ಗುಟುಕು ಟೀ. ಕುಡಿದು ಕುಡಿಕೆ ಒಡೆದರೆ ಸಿಗುವ ಸುಖವೇ ಬೇರೆ. ಮುಂದೆ ಸಿಂಹ ಕೂತ ಕಮಾನು, ಅದರಾಚೆ ಊರಿಗೆಲ್ಲ ರಾಜಭವನವೆಂದೇ ಪರಿಚಿತವಾದ ಬಿಳಿ ಅರಮನೆ. ಕಟ್ಟಿಸಿದವನು? ಮತ್ತೆ ವೆಲ್ಲೆಸ್ಲಿ! ಶುರು 1799ರಲ್ಲಿ, ಮುಗಿದದ್ದು 1803ರಲ್ಲಿ. ಇಂಗ್ಲೆಂಡಿನ ಕೆಡ್ಲ್‌ಸ್ಟನ್ ಹಾಲ್ ಎಂಬ ಮನೆಯ ನಕ್ಷೆಯನ್ನು ಮುಂದಿಟ್ಟುಕೊಂಡು ಕ್ಯಾಪ್ಟನ್ ಚಾರ್ಲ್ಸ್ ವಯಟ್ ಎತ್ತಿ ನಿಲ್ಲಿಸಿದ್ದು. ಆ ಮೂಲ ಮನೆ ಕರ್ಜನ್ ಮನೆತನದ್ದು. ನೂರು ವರ್ಷದ ಮೇಲೆ ಅದೇ ಮನೆಯ ಹುಡುಗ ವೈಸರಾಯ್ ಆಗಿ ಬಂದು, ತಾನು ಹುಟ್ಟಿದ ಮನೆಯ ನಕಲಿನಲ್ಲಿ ಸಂಸಾರ ಹೂಡಿದ. ಕಾದಂಬರಿಯಲ್ಲಿ ಬರೆದರೆ ಸಂಪಾದಕರು ಕೆಂಪು ಪೆನ್ನು ಎತ್ತುತ್ತಿದ್ದರು. ಅಂದಹಾಗೆ, ವೆಲ್ಲೆಸ್ಲಿಯ ದುಂದು ಕಂಡು ಲಂಡನ್ನಿನ ಕಂಪನಿ ಯಜಮಾನರು ಕಿಡಿಕಿಡಿಯಾದರು. 1805ಕ್ಕೆ ಅವನು ಗಂಟು ಕಟ್ಟಿದ. ಅರಮನೆಯಲ್ಲಿ ಇದ್ದದ್ದು ಎರಡೇ ವರ್ಷ.

ಹೊಟ್ಟೆ ಚುರುಗುಟ್ಟುವ ಹೊತ್ತಿಗೆ ಡೆಕರ್ಸ್ ಲೇನ್. ಸ್ಟ್ಯೂ, ಟೋಸ್ಟ್, ಹೊಗೆ, ಗುಮಾಸ್ತರು, ಬೆಂಚಿಗಾಗಿ ಜಗಳ. ಈ ಓಣಿಗೆ ಈಗ ಜೇಮ್ಸ್ ಹಿಕಿಯ ಹೆಸರಿದೆ, 1780ರಲ್ಲಿ ದೇಶದ ಮೊದಲ ಪತ್ರಿಕೆ ತೆಗೆದು ಗವರ್ನರ್ ಜನರಲನನ್ನೇ ಗೇಲಿ ಮಾಡಿ ಜೈಲಿಗೆ ಹೋದ ಪುಣ್ಯಾತ್ಮ. ಪತ್ರಕರ್ತನ ಹೆಸರು ತಿಂಡಿ ಬೀದಿಗೆ ಇಟ್ಟವರ ವಿವೇಕಕ್ಕೆ ನನ್ನದೊಂದು ಸಲಾಮು.

ಕೈ ತೊಳೆದು ಹೊರಟರೆ ಎಸ್‌ಪ್ಲನೇಡ್. ಧರ್ಮತಲಾದ ಮೂಲೆ. ಬಸ್ಸು, ಟ್ಯಾಕ್ಸಿ, ಸ್ವೆಟರ್ ಮಾರುವವರು, ಮೆಟ್ರೊದಿಂದ ಉಕ್ಕಿ ಬರುವ ಜನ. ಈ ಸಂತೆಯ ನಡುವೆ ಸಾಲು ಗುಮ್ಮಟಗಳ ಮಸೀದಿ. ದೀದಿ ನನ್ನ ಕಡೆಗೇ ತಿರುಗಿ ಕೇಳಿದಳು: ‘ದಾದಾ, ನೀವು ಮೈಸೂರು ಕಡೆಯವರಲ್ಲವೇ? ಇದು ನಿಮ್ಮವರದು.’

ಟಿಪ್ಪು ಸುಲ್ತಾನ್ ಮಸೀದಿ!

ಕತೆ ಹೀಗೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳು, ಹೆಂಗಸರನ್ನೆಲ್ಲ ವೆಲ್ಲೂರಿನ ಕೋಟೆಗೆ ಸಾಗಿಸಿದರು. 1806ರ ಜುಲೈ 10ರಂದು ಅಲ್ಲಿನ ಸಿಪಾಯಿಗಳು ದಂಗೆ ಎದ್ದರು. ಜುಲೈ 10 ಎಂದಾಗ ದೀದಿ ಹುಬ್ಬು ಹಾರಿಸಿದಳು. ಕಾಲೇಜಿನ ಆದೇಶ ಹೊರಟ ಅದೇ ತಾರೀಖು, ಆರು ವರ್ಷ ಕಳೆದು. ಕಂಪನಿ ಹೆದರಿತು. ಹುಲಿಯ ಮರಿಗಳು ದಕ್ಷಿಣದಲ್ಲಿರುವುದೇ ಬೇಡವೆಂದು ಇಲ್ಲಿಗೆ ತಂದು, ಆಗ ಊರಾಚೆಯಾಗಿದ್ದ ಟಾಲಿಗಂಜಿನಲ್ಲಿ ಇರಿಸಿತು. ಅವರಲ್ಲಿ ಒಬ್ಬ ಗುಲಾಮ್ ಮೊಹಮ್ಮದ್. ಅಪ್ಪ ಸತ್ತಾಗ ಇನ್ನೂ ಪುಟ್ಟ ಮಗು. ಕಾವೇರಿ ನೀರು ಅವನ ನೆನಪಿನಲ್ಲಿ ಇದ್ದೀತೇ? ಹೂಗ್ಲಿ ನೀರು ಕುಡಿದೇ ಬೆಳೆದ, ಮುದುಕನಾದ, ಬ್ರಿಟಿಷರಿಂದ ‘ಸರ್’ ಪದವಿಯನ್ನೂ ಪಡೆದ. 1842ರಲ್ಲಿ ಈ ಮಸೀದಿ ಕಟ್ಟಿಸಿದ.

ಗೋಡೆಯ ಶಾಸನ ಏನು ಹೇಳುತ್ತದೆ ಗೊತ್ತೇ? ದೇವರಿಗೆ ಕೃತಜ್ಞತೆ, ಸರಿ. ಜೊತೆಗೆ ಇನ್ನೊಂದು ಕಾರಣ: ಕಂಪನಿಯ ನಿರ್ದೇಶಕರು 1840ರಲ್ಲಿ ತನ್ನ ಮಾಸಾಶನದ ಬಾಕಿ ಹಣ ಮಂಜೂರು ಮಾಡಿದ ನೆನಪಿಗಾಗಿ! ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಪ್ಪನ ಖಜಾನೆ ಸೂರೆ ಹೋಯಿತು. ಸೂರೆ ಮಾಡಿದವರು ಬಾಕಿ ತೀರಿಸಿದರೆಂದು ಮಗ ಗೋಡೆಯ ಮೇಲೆ ಬರೆಸಿದ. ಆದರೆ ಇನ್ನೊಮ್ಮೆ ಓದಿದಾಗ ಬೇರೆಯೇ ಅನ್ನಿಸಿತು. ಇಷ್ಟು ದಿನ ಕೊಡಬೇಕಾದ ದುಡ್ಡು ಕೊಡದೆ ಇಟ್ಟುಕೊಂಡಿದ್ದರು ಎಂಬುದನ್ನೂ ಅದೇ ಸಾಲು ಹೇಳುತ್ತದೆ, ಊರಿನ ನಟ್ಟನಡುವೆ, ಎಂದೆಂದಿಗೂ ಅಳಿಸದ ಹಾಗೆ. ವೆಲ್ಲೆಸ್ಲಿಯ ಅರಮನೆಯಿಂದ ಇಲ್ಲಿಗೆ ಹತ್ತು ನಿಮಿಷದ ನಡಿಗೆ. ಒಳಗೆ ನಮಾಜಿನ ಹೊತ್ತು. ಆಫೀಸಿನ ಬ್ಯಾಗು ಪಕ್ಕಕ್ಕಿಟ್ಟು ಜನ ಸಾಲಾಗಿ ಕೂರುತ್ತಿದ್ದರು.

ಯಾತ್ರೆ ಮುಗಿಯಿತು, ದೀದಿ ಕೈ ಮುಗಿದಳು. ಗುಂಪು ಚದುರಿತು. ನಾನು ಮಸೀದಿಯ ಎದುರಿನ ಫುಟ್‌ಪಾತಿನಲ್ಲಿ ಇನ್ನೇನು ಮಾಡುವುದೆಂದು ತಿಳಿಯದೆ ನಿಂತಿದ್ದಾಗ ಒಂದು ಲಟಾರಿ ಬಸ್ಸು ಬಂತು. ಕಂಡಕ್ಟರು ಬಾಗಿಲಿಗೆ ಜೋತುಬಿದ್ದು ತಗಡನ್ನು ಬಡಿಯುತ್ತ ಕೂಗುತ್ತಿದ್ದ: ‘ಟಾಲಿಗಂಜ್, ಟಾಲಿಗಂಜ್! ಅನ್ವರ್ ಶಾ! ಅನ್ವರ್ ಶಾ!’

ಪ್ರಿನ್ಸ್ ಅನ್ವರ್ ಶಾ ರೋಡ್. ಟಿಪ್ಪುವಿನ ವಂಶದ ಕುಡಿಯ ಹೆಸರಿನ ರಸ್ತೆ. ದಿನಕ್ಕೆ ನೂರಾರು ಸಲ, ಯಾರೆಂದು ತಿಳಿಯದೆ, ಆ ಹೆಸರನ್ನು ಈ ಊರಿನ ಕಂಡಕ್ಟರುಗಳು ಗಂಟಲು ಹರಿಯುವಂತೆ ಕೂಗುತ್ತಾರೆ. ಓಡಿ ಹತ್ತಿಕೊಂಡೆ. ಬೆರಳ ಸಂದಿಯಲ್ಲಿ ನೋಟು ಮಡಚಿಟ್ಟುಕೊಂಡ ಕಂಡಕ್ಟರು ಎಲ್ಲಿಗೆ ಎಂದು ಗದ್ದ ಎತ್ತಿ ಕೇಳಿದ.

‘ಅನ್ವರ್ ಶಾ,’ ಎಂದೆ. ‘ಒಂದು.’